ಸೋಲಿಗೆ ಸಿಗುವ ಸಂಬಳ

2021ರ ಏಪ್ರಿಲ್ 7ರಂದು, ನಿಫ್ಟ್‌ಸ್ಕಿ ಎಂಬ ಅಡ್ಡಹೆಸರಿನಲ್ಲಿ ಆಡುವ ಯುವಕರೊಬ್ಬರು ‘ಸೂಪರ್ ಮಾರಿಯೋ ಬ್ರದರ್ಸ್’ ಆಟವನ್ನು 4 ನಿಮಿಷ 54.948 ಸೆಕೆಂಡುಗಳಲ್ಲಿ ಮುಗಿಸಿದರು. 1985ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ ಈ ಆಟ ನಮ್ಮವರಿಗೂ ಗೊತ್ತಿರುವುದೇ. ತೊಂಬತ್ತರ ದಶಕದಲ್ಲಿ ಟಿವಿಗೆ ವೈರು ಸಿಕ್ಕಿಸಿ, ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಮಕ್ಕಳು ಆಡುತ್ತಿದ್ದ ಮೀಸೆಯ ಮಾರಿಯೋನೇ ಇವನು. 4 ನಿಮಿಷ 55 ಸೆಕೆಂಡಿನ ಗೆರೆಯನ್ನು ಅದುವರೆಗೆ ಯಾರೂ ದಾಟಿರಲಿಲ್ಲ. ದಾಟಿದವರಿಗೆ ಕಪ್ಪೂ ಇಲ್ಲ, ಚೆಕ್ಕೂ ಇಲ್ಲ. ಸ್ಪೀಡ್‌ರನ್ ಡಾಟ್ ಕಾಮ್ ಎಂಬ ತಾಣದ ಪಟ್ಟಿಯ ಮೊದಲ ಸಾಲಿನಲ್ಲಿ ಹೆಸರು ಬರುತ್ತದೆ, ಅಷ್ಟೆ. ಹೀಗಿದ್ದೂ ಆಟವೊಂದನ್ನು ಅತಿ ಬೇಗ ಮುಗಿಸುವ ‘ಸ್ಪೀಡ್‌ರನ್’ ಅನ್ನೇ ಹೊಟ್ಟೆಪಾಡು ಮಾಡಿಕೊಂಡವರಿದ್ದಾರೆ. ಬಹುಮಾನವಿಲ್ಲದ ದಾಖಲೆಯಿಂದ ಮನೆ ನಡೆಯುವುದು ಹೇಗೆ? ನನಗೆ ಕಾಣುವಂತೆ, ಈ ಕಸುಬಿನಲ್ಲಿ ದಾಖಲೆಗೆ ಯಾರೂ ಕಾಸು ಕೊಡುವುದಿಲ್ಲ. ಕಾಸು ಬರುವುದು ದಾಖಲೆ ತಪ್ಪಿಹೋದ ಸಾವಿರಾರು ಸಲಕ್ಕೆ, ಅದನ್ನು ನಾಲ್ಕು ಜನರ ಮುಂದೆ ಕೂತು ಅನುಭವಿಸಿದ್ದಕ್ಕೆ. ಈ ಕಸುಬಿನ ಒಳಿತೂ ಕೆಡುಕೂ ಇಲ್ಲಿಂದಲೇ ಹುಟ್ಟುತ್ತವೆ.

ಆ ಐದು ನಿಮಿಷದೊಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಾರಿಯೋ ಆಟದಲ್ಲಿ ಇರುವುದು 32 ಹಂತ. ಗುಪ್ತ ಕೊಳವೆಗಳಲ್ಲಿ ಇಳಿದು ಒಂದನೆಯ ಲೋಕದಿಂದ ನಾಲ್ಕಕ್ಕೆ, ಅಲ್ಲಿಂದ ಎಂಟಕ್ಕೆ ಹಾರಿದರೆ ಆಡಬೇಕಾದ್ದು ಎಂಟೇ ಹಂತ. ಪರದೆಯ ಚಿತ್ರ ಸೆಕೆಂಡಿಗೆ ಸುಮಾರು 60 ಸಲ ಬದಲಾಗುತ್ತದೆ. ಒಂದೊಂದು ಬದಲಾವಣೆಗೂ ಫ್ರೇಮ್ ಎಂದು ಹೆಸರು. ಹಂತ ಮುಗಿದ ಮೇಲೆ ಮುಂದಿನದಕ್ಕೆ ಹೋಗಬಹುದೇ ಎಂದು ಆಟದ ಪ್ರೋಗ್ರಾಂ ವಿಚಾರಿಸುವುದು 21 ಫ್ರೇಮಿಗೊಮ್ಮೆ, ಎಂದರೆ 0.35 ಸೆಕೆಂಡಿಗೊಮ್ಮೆ ಮಾತ್ರ. ನೀವು ಓಡೋಡಿ ನಿಲ್ದಾಣಕ್ಕೆ ಎಷ್ಟೇ ಮುಂಚೆ ಬಂದರೂ ಬಸ್ಸು ಹೊರಡುವುದು ಅದರ ಹೊತ್ತಿಗೇ ತಾನೆ? ಹಾಗೆಯೇ 20 ಫ್ರೇಮ್ ಬೇಗ ಮುಟ್ಟಿದರೂ ಲಾಭ ಸೊನ್ನೆಯಾಗಬಹುದು. 21 ಆದರೆ ಹಿಂದಿನ ಬಸ್ಸು ಖಂಡಿತ ಸಿಗುತ್ತದೆ. ಕೊನೆಯ ಹಂತಕ್ಕೆ ಮಾತ್ರ ಈ ನಿಯಮವಿಲ್ಲ, ಅಲ್ಲಿ ಒಂದೊಂದು ಫ್ರೇಮೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಅರಿತವರು ಧ್ವಜದ ಕಂಬವನ್ನು ಯಾವ ಕೋನದಲ್ಲಿ ಮುಟ್ಟಿದರೆ ಧ್ವಜ ಇಳಿಯುವ ಹೊತ್ತು ಉಳಿಯುತ್ತದೆ ಎಂಬುದನ್ನೂ ಕಂಡುಕೊಂಡರು. ಅದಕ್ಕೆ ಬೇಕಾದ ಗುಂಡಿಯನ್ನು ಸೆಕೆಂಡಿನ ಅರವತ್ತನೆಯ ಒಂದು ಭಾಗದಲ್ಲಿ ಒತ್ತಬೇಕು. ಒಂದು ಫ್ರೇಮ್ ತಪ್ಪಿತೋ, ರೀಸೆಟ್, ಮತ್ತೆ ಮೊದಲಿಂದ. ನಾಲ್ಕೂವರೆ ನಿಮಿಷ ಎಲ್ಲವೂ ಸರಿಹೋಗಿ ಕೊನೆಯ ಕೋಟೆಯಲ್ಲಿ ಕಾಲು ಜಾರಿದರೂ ಅಷ್ಟೇ. ನಿಫ್ಟ್‌ಸ್ಕಿ 2023ರ ಸೆಪ್ಟೆಂಬರ್‌ನಲ್ಲಿ ತಮ್ಮ ಸಮಯವನ್ನು 4 ನಿಮಿಷ 54.631 ಸೆಕೆಂಡಿಗೆ ಇಳಿಸಿದರು. ಎರಡು ವರ್ಷ ಐದು ತಿಂಗಳಲ್ಲಿ 2021ರ ತಮ್ಮ ದಾಖಲೆಯಿಂದ ಅವರು ಕೆಳಗಿಳಿಸಿದ್ದು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟೂ ಅಲ್ಲ.

ಈಗ ಹಣದ ಮಾತಿಗೆ ಬರೋಣ. 2011ರಲ್ಲಿ ಶುರುವಾದ ಟ್ವಿಚ್ ಎಂಬ ನೇರಪ್ರಸಾರದ ತಾಣವನ್ನು 2014ರಲ್ಲಿ ಅಮೆಜಾನ್ 97 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅಲ್ಲಿ ಆಟಗಾರ ಆಡುತ್ತಾನೆ, ಮಾತಾಡುತ್ತಾನೆ, ನೋಡುವವರು ಪಕ್ಕದಲ್ಲೇ ಚಾಟ್ ಮಾಡುತ್ತಾರೆ. ಇಷ್ಟವಾದವರು ತಿಂಗಳಿಗಿಷ್ಟು ಎಂದು ಚಂದಾ ಕಟ್ಟುತ್ತಾರೆ. ಕಸುಬಿನವರ ಬಾಯಲ್ಲಿ ಅದು ‘ಸಬ್’. ಅಮೆರಿಕದಲ್ಲಿ ಬಹುಕಾಲ ಅದರ ಬೆಲೆ 4.99 ಡಾಲರ್ ಇತ್ತು, ಸಾಮಾನ್ಯ ಸ್ಟ್ರೀಮರ್‌ಗೆ ಸಿಗುತ್ತಿದ್ದುದು ಅದರ ಅರ್ಧ. ಇದರ ಜೊತೆಗೆ ಜಾಹೀರಾತು, ಅಭಿಮಾನಿಗಳ ಕಾಣಿಕೆ, ಕಂಪನಿಗಳ ಪ್ರಾಯೋಜಕತ್ವ, ಅದೇ ಆಟದ ತುಣುಕುಗಳನ್ನು ಯೂಟ್ಯೂಬಿಗೆ ಹಾಕಿ ಬರುವ ಪುಡಿಗಾಸು. ಈ ಯಾವ ಬಾಬ್ತಿನಲ್ಲೂ ದಾಖಲೆಗೆಂದು ಪ್ರತ್ಯೇಕ ದರವಿಲ್ಲ. ಸಿಗುವುದೆಲ್ಲ ಕೂತ ಗಂಟೆಗೆ, ಕೂರಿಸಿಕೊಂಡ ಜನಕ್ಕೆ. ಆ ಗಂಟೆಗಳಲ್ಲಿ ಹೆಚ್ಚಿನವು ಸೋಲಿನವೇ. ಹಾಗಾದರೆ ಜನ ಸೋಲನ್ನು ನೋಡಲು ದುಡ್ಡು ಕೊಡುತ್ತಾರೆಯೇ ಎಂದರೆ, ಹೌದು. ಪರದೆಯ ಒಂದು ಬದಿಯಲ್ಲಿ ಹಂತವಾರು ಸಮಯ ತೋರಿಸುವ ಗಡಿಯಾರ ಹಸಿರಾಗಿ ಉಳಿದಷ್ಟೂ ನೋಡುವವರ ಎದೆ ಡವಗುಟ್ಟುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದಾಗ ಆಟಗಾರನ ಜೊತೆ ಅವರೂ ಉಸ್ಸೆನ್ನುತ್ತಾರೆ. ನಾಳೆ ಮತ್ತೆ ಬರುತ್ತಾರೆ. ಅಮೆರಿಕದ ‘ಗೇಮ್ಸ್ ಡನ್ ಕ್ವಿಕ್’ ಮೇಳವೂ ಇದಕ್ಕೆ ಸಾಕ್ಷಿ. 2010ರ ಜನವರಿಯಲ್ಲಿ ಮೈಕ್ ಉಯಾಮಾ ತಮ್ಮ ತಾಯಿಯ ಮನೆಯ ನೆಲಮಾಳಿಗೆಯಲ್ಲಿ ಒಂದಷ್ಟು ಜನರನ್ನು ಸೇರಿಸಿ ಶುರುಮಾಡಿದ ಇದು ಮೊದಲ ಸಲವೇ 10,000 ಡಾಲರಿಗೂ ಮಿಕ್ಕಿ ದತ್ತಿಹಣ ಕೂಡಿಸಿತು. ಈಗ ಕ್ಯಾನ್ಸರ್ ತಡೆಗಟ್ಟುವ ಸಂಸ್ಥೆಗೋ ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಗೋ ಒಂದೇ ವಾರದಲ್ಲಿ ಹತ್ತಾರು ಲಕ್ಷ ಡಾಲರ್ ಸೇರುತ್ತದೆ. ಅಲ್ಲಿ ದಾಖಲೆ ಮುರಿಯುವುದು ಅಪರೂಪ. ಪಕ್ಕದ ಸೋಫಾದಲ್ಲಿ ಕೂತವರು ಪ್ರತಿ ಜಿಗಿತದ ಮರ್ಮವನ್ನು ಬಿಡಿಸಿ ಹೇಳುತ್ತಾರೆ, ಜನ ಅದನ್ನು ಕೇಳಲು ಬರುತ್ತಾರೆ.

ಇಲ್ಲೊಂದು ಇಕ್ಕಟ್ಟಿದೆ. ದಾಖಲೆ ಮೇಲೇರಿದಷ್ಟೂ ಅದನ್ನು ಮುರಿಯುವ ಗಳಿಗೆ ಅಪರೂಪವಾಗುತ್ತ ಹೋಗುತ್ತದೆ, ಸ್ಟ್ರೀಮರ್‌ನ ಬಾಡಿಗೆಯಾದರೋ ತಿಂಗಳಿಗೊಮ್ಮೆ ಬಂದೇ ಬರುತ್ತದೆ. ಹೊಸ ಆಟ ಬಂದಾಗ ಈ ಕಷ್ಟವಿಲ್ಲ. 2022ರ ಫೆಬ್ರವರಿ 25ರಂದು ಬಿಡುಗಡೆಯಾದ ‘ಎಲ್ಡನ್ ರಿಂಗ್’ ಸಾಮಾನ್ಯ ಆಟಗಾರನಿಗೆ ಐವತ್ತು ಗಂಟೆ ಹಿಡಿಯುವಂಥದ್ದು. ಡಿಸ್ಟಾರ್ಷನ್ 2 ಎಂಬ ಹೆಸರಿನ ಹಳೆಯ ಹುಲಿ ಏಪ್ರಿಲ್ ಹೊತ್ತಿಗೆ ಅದನ್ನು ಏಳು ನಿಮಿಷದೊಳಗೆ ಮುಗಿಸಿಬಿಟ್ಟರು. ನಿರ್ದಿಷ್ಟ ಫ್ರೇಮಿನಲ್ಲಿ ಗುರಾಣಿ ಎತ್ತಿದರೆ ಪಾತ್ರ ಇದ್ದಲ್ಲಿಂದ ಚಿಮ್ಮಿ ದೂರ ಹೋಗಿ ಬೀಳುವ ‘ಜಿಪ್’ ಎಂಬ ದೋಷವನ್ನು ಅವರು ಬಳಸಿದ್ದರು. ಆ ವಾರಗಳಲ್ಲಿ ದಿನಕ್ಕೊಂದು ಸುದ್ದಿ ಇತ್ತು. ಆಮೇಲೆ? ಆಮೇಲಿನದು ಫ್ರೇಮುಗಳ ಲೆಕ್ಕ, ಬಲ್ಲವರಿಗಷ್ಟೇ ರುಚಿಸುವ ಲೆಕ್ಕ. ಚಾಲೆಂಜ್ ಸ್ಟ್ರೀಮರ್ ಹುಟ್ಟಿದ್ದು ಈ ಬಿರುಕಿನಲ್ಲಿ ಎಂಬುದು ನನ್ನ ಎಣಿಕೆ. ಒಂದೂ ಏಟು ತಿನ್ನದೆ ಆಟ ಮುಗಿಸುವುದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುವುದು, ಆಯುಧವಿಲ್ಲದೆ ಆಡುವುದು. ಸ್ವೀಡನ್ನಿನ ಮಿಸ್‌ಮಿಕ್ಕಾ 2023ರ ಜನವರಿಯಲ್ಲಿ ಎಲ್ಡನ್ ರಿಂಗ್‌ನ ಅತಿ ಕಠಿಣ ಎದುರಾಳಿ ಮಲೇನಿಯಾಳನ್ನು ಎರಡು ಪರದೆಗಳಲ್ಲಿ ಏಕಕಾಲಕ್ಕೆ ಮಣಿಸಿದರು. ಒಂದನ್ನು ಕೈಯ ಕಂಟ್ರೋಲರ್‌ನಿಂದ, ಇನ್ನೊಂದನ್ನು ಕಾಲಡಿಯ ಡಾನ್ಸ್ ಪ್ಯಾಡಿನಿಂದ. ಇಂಥ ಪಂಥದಲ್ಲಿ ಜಗತ್ತಿನ ಯಾರನ್ನೂ ಹಿಂದೆ ಹಾಕಬೇಕಿಲ್ಲ. ನಿಯಮ ಆಟಗಾರನದೇ, ಬೇಸರವಾದರೆ ಮುಂದಿನ ವಾರಕ್ಕೆ ಬೇರೆ ನಿಯಮ. ದಾಖಲೆಯ ಓಟಗಾರರಲ್ಲಿ ಕೆಲವರು ಇದನ್ನು ಗಿಮಿಕ್ ಎನ್ನುವುದುಂಟು. ನನಗೇನೋ ಇದು ಅದೇ ಮರದ ಕೊಂಬೆಯಾಗಿ ಕಾಣುತ್ತದೆ: ಮಾರುವ ಸರಕು ಪ್ರಯತ್ನವೇ ಆದಮೇಲೆ ಪ್ರಯತ್ನಕ್ಕೆ ಹೊಸ ಹೊಸ ದಾರಿ ಹುಡುಕುವುದು ಸಹಜ.

‘ಆಟದಲ್ಲಿರುವ ದೋಷ ಬಳಸಿ ಗೋಡೆಯೊಳಗಿಂದ ತೂರಿಹೋಗುವುದು ಮೋಸವಲ್ಲವೇ?’ ಹೊರಗಿನಿಂದ ನೋಡುವವರ ಮೊದಲ ಆಕ್ಷೇಪ ಇದು. ಮೋಸವೆಂದರೆ ಒಪ್ಪಿದ ನಿಯಮ ಮೀರುವುದು. ಇಲ್ಲಿ ಪ್ರತಿ ಆಟಕ್ಕೂ ವಿಭಾಗಗಳಿವೆ: ಹೇಗಾದರೂ ಸರಿ ಕೊನೆ ಮುಟ್ಟುವ ‘ಎನಿ ಪರ್ಸೆಂಟ್’, ಎಲ್ಲವನ್ನೂ ಸಂಗ್ರಹಿಸುವ ‘ಹಂಡ್ರೆಡ್ ಪರ್ಸೆಂಟ್’, ದೋಷ ಬಳಸಬಾರದ ‘ಗ್ಲಿಚ್‌ಲೆಸ್’. ಯಾರು ಯಾವುದನ್ನು ಆಡುತ್ತಿದ್ದಾರೆಂಬುದು ಎಲ್ಲರಿಗೂ ಗೊತ್ತು. ನಾರ್ಸಿಸಾ ರೈಟ್ 2014ರಲ್ಲಿ ‘ಒಕರಿನಾ ಆಫ್ ಟೈಮ್’ ಆಟವನ್ನು 18 ನಿಮಿಷ 10 ಸೆಕೆಂಡಿನಲ್ಲಿ ಮುಗಿಸಿ ದಾಖಲೆ ಮಾಡಿದ್ದು ಚೀನಾಕ್ಕೆಂದು ತಯಾರಾದ ಐಕ್ಯೂ ಯಂತ್ರದಲ್ಲಿ. ಚೀನೀ ಲಿಪಿಯಲ್ಲಿ ಸಂಭಾಷಣೆ ಬೇಗ ಮುಗಿಯುತ್ತದೆ ಎಂಬುದೂ ಅದಕ್ಕೆ ಒಂದು ಕಾರಣ. ಇಷ್ಟು ದೂರ ಯೋಚಿಸಿದ್ದನ್ನು ಜಾಣತನ ಎನ್ನಬಹುದು, ಹುಚ್ಚು ಎಂದರೂ ತಪ್ಪಿಲ್ಲ; ಮೋಸ ಎನ್ನಲಾಗದು.

ನಿಜವಾದ ಮೋಸ ಬೇರೆಯೇ ಇದೆ. ಅದನ್ನು ಹಿಡಿಯುವ ಬಗೆಯಲ್ಲಿ ಈ ಕಸುಬಿನ ಮರ್ಯಾದೆ ಅಡಗಿದೆ. ಡ್ರೀಮ್ ಎಂಬ ಹೆಸರಿನ ಅಮೆರಿಕದ ಯೂಟ್ಯೂಬರ್ 2020ರ ಅಕ್ಟೋಬರ್‌ನಲ್ಲಿ ‘ಮೈನ್‌ಕ್ರಾಫ್ಟ್’ ಆಟದ ಸ್ಪೀಡ್‌ರನ್‌ಗಳನ್ನು ನೇರಪ್ರಸಾರ ಮಾಡಿದರು. ಆ ಆಟದಲ್ಲಿ ಹಂದಿಮುಖದ ಪಿಗ್ಲಿನ್‌ಗಳಿಗೆ ಚಿನ್ನ ಕೊಟ್ಟರೆ ಬದಲಿಗೆ ಏನಾದರೊಂದು ವಸ್ತು ಸಿಗುತ್ತದೆ; ಬೇಕಾದ ‘ಎಂಡರ್ ಪರ್ಲ್’ ಸಿಗುವ ಸಂಭವ ನೂರಕ್ಕೆ ಐದರಷ್ಟೂ ಇಲ್ಲ. ಅವರ ಆರು ಪ್ರಸಾರಗಳನ್ನು ಕೂತು ಎಣಿಸಿದ ಪರಿಶೀಲಕರಿಗೆ ಕಂಡದ್ದು 262 ವಿನಿಮಯದಲ್ಲಿ 42 ಸಲ ಪರ್ಲ್. ಹನ್ನೆರಡೋ ಹದಿಮೂರೋ ಆಗಿದ್ದರೆ ಸಹಜವಿತ್ತು. ಬ್ಲೇಜ್ ಎಂಬ ಜೀವಿಯನ್ನು ಕೊಂದಾಗ ಕೋಲು ಸಿಗುವುದು ಎರಡಕ್ಕೊಂದು ಸಲ. ಅವರಿಗೆ 305ರಲ್ಲಿ 211 ಸಲ ಸಿಕ್ಕಿತ್ತು. ಡಿಸೆಂಬರ್‌ನಲ್ಲಿ ಪರಿಶೀಲಕರು 29 ಪುಟಗಳ ವರದಿ ಹೊರಡಿಸಿ, ಇಂಥ ಅದೃಷ್ಟದ ಸಂಭವ 7.5 ಲಕ್ಷ ಕೋಟಿಯಲ್ಲಿ ಒಂದು ಎಂದರು. ಡ್ರೀಮ್ ಮೊದಲು ಬಲವಾಗಿ ಅಲ್ಲಗಳೆದರು. 2021ರ ಮೇ ತಿಂಗಳಲ್ಲಿ, ಆಟದ ಸಂಭವವನ್ನು ಬದಲಿಸುವ ಮಾರ್ಪಾಡು ತಮ್ಮ ಕಂಪ್ಯೂಟರಿನಲ್ಲಿ ಇದ್ದದ್ದು ನಿಜ, ಆಗ ಅದು ತಮಗೆ ತಿಳಿದಿರಲಿಲ್ಲ ಎಂದು ಒಪ್ಪಿಕೊಂಡರು. ಗಮನಿಸಬೇಕಾದ್ದು ಇಷ್ಟು: ಲಕ್ಷಾಂತರ ಅಭಿಮಾನಿಗಳಿದ್ದ ಆಟಗಾರನನ್ನು ಹಿಡಿದು ಪ್ರಶ್ನಿಸಿದವರು ಸಂಬಳವಿಲ್ಲದ ಸ್ವಯಂಸೇವಕರು, ಅವರ ಕೈಯಲ್ಲಿದ್ದ ಸಾಕ್ಷ್ಯ ಆತನೇ ಬಿತ್ತರಿಸಿದ ವಿಡಿಯೋ. ಪ್ರಸಾರಕ್ಕೆ ಮುಂಚಿನ ಕಾಲದಲ್ಲಿ ಇದು ಸಾಧ್ಯವಿರಲಿಲ್ಲ. ಅಟಾರಿ ಯಂತ್ರದ ‘ಡ್ರ್ಯಾಗ್‌ಸ್ಟರ್’ ಆಟದಲ್ಲಿ 1982ರದ್ದೆಂದು ಟಾಡ್ ರಾಜರ್ಸ್ ಹೇಳಿಕೊಂಡ 5.51 ಸೆಕೆಂಡಿನ ದಾಖಲೆ ದಶಕಗಟ್ಟಲೆ ಪಟ್ಟಿಯಲ್ಲಿ ಕೂತಿತ್ತು. ಎರಿಕ್ ಕೋಜಿಯೆಲ್ ಆಟದ ಕೋಡನ್ನೇ ಬಿಚ್ಚಿನೋಡಿ 5.57ಕ್ಕಿಂತ ಕಡಿಮೆ ಸಮಯ ಸಾಧ್ಯವೇ ಇಲ್ಲವೆಂದು ತೋರಿಸಿದ ನಂತರ, 2018ರಲ್ಲಿ ಅದನ್ನು ತೆಗೆದುಹಾಕಲಾಯಿತು. ಹಾಗಾಗಿ ಸೋತ ರನ್‌ಗಳನ್ನೂ ಬಿಡದೆ ಪ್ರಸಾರ ಮಾಡುವುದು ಆದಾಯದ ಮೂಲ ಮಾತ್ರವಲ್ಲ, ಪ್ರಾಮಾಣಿಕತೆಯ ದಾಖಲೆಪತ್ರವೂ ಹೌದು. ಸಾವಿರ ಸೋಲು ಕಂಡ ಜನ ಒಂದು ಗೆಲುವನ್ನು ನಂಬುತ್ತಾರೆ.

ಇದರಿಂದ ಸಮಾಜಕ್ಕೇನು ಲಾಭ ಎಂಬ ಪ್ರಶ್ನೆಗೆ ನಾನು ಹೆಚ್ಚು ಜಾಗ ಕೊಡಲಾರೆ. ಮನರಂಜನೆಯ ಕಸುಬುಗಳಲ್ಲಿ ಯಾವುದಕ್ಕೂ ಈ ಪ್ರಶ್ನೆಯ ಮುಂದೆ ಬಲವಾದ ಉತ್ತರವಿಲ್ಲ. ಸ್ಪೀಡ್‌ರನ್ ಆಡಿದರೆ ಬುದ್ಧಿ ಚುರುಕಾಗುತ್ತದೆ ಎಂದು ಮಾರಲು ಹೊರಡುವವರ ಮಾತನ್ನೂ ನಂಬಬೇಕಿಲ್ಲ. ತೂಕದ ಆಕ್ಷೇಪ ಬೇರೊಂದಿದೆ: ಇದು ಲಾಟರಿ, ಒಬ್ಬ ಗೆದ್ದರೆ ಸಾವಿರ ಜನ ಬೀಳುತ್ತಾರೆ ಎಂಬುದು. ಇದು ಬಹುಪಾಲು ನಿಜ. 2021ರ ಅಕ್ಟೋಬರ್‌ನಲ್ಲಿ ಟ್ವಿಚ್‌ನ ಒಳಗಿನ ಲೆಕ್ಕಪತ್ರ ಸೋರಿಕೆಯಾದಾಗ, ಸ್ಟ್ರೀಮರ್‌ಗಳಿಗೆ ಸಂದ ಹಣದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಮೇಲಿನ ನೂರಕ್ಕೆ ಒಬ್ಬರ ಪಾಲಾಗಿದ್ದದ್ದು ಬಯಲಾಯಿತು. ಅಂಗಡಿ ಬೇರೆಯವರದು ಎಂಬ ಕಷ್ಟವೂ ಇದೆ: ನೆಟ್‌ವರ್ಕ್ ಶುಲ್ಕ ದುಬಾರಿಯೆಂದು ಟ್ವಿಚ್ 2024ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ವ್ಯವಹಾರವನ್ನೇ ಮುಚ್ಚಿತು, ಅಲ್ಲಿನವರು ವರ್ಷಗಟ್ಟಲೆ ಕಟ್ಟಿದ ಬಳಗವನ್ನು ಹೊತ್ತುಕೊಂಡು ಬೇರೆ ಜಾಗ ಹುಡುಕಬೇಕಾಯಿತು. ಒಂದೇ ಗುಂಡಿಯನ್ನು ಒಂದೇ ರೀತಿ ವರ್ಷಾನುಗಟ್ಟಲೆ ಒತ್ತಿ ಮಣಿಕಟ್ಟಿನ ನರ ನೋವಿಗೆ ಬಿದ್ದವರಿಗೆ ಲೆಕ್ಕವಿಲ್ಲ, ರಜೆ ಹಾಕಿದರೆ ಚಂದಾದಾರರು ಕರಗುತ್ತಾರೆ. ಇದು ಲಾಟರಿಯೇ, ಆದರೆ ಟಿಕೆಟ್ಟಿಗೆ ದುಡ್ಡಿನ ಬದಲು ವಯಸ್ಸನ್ನು ತೆರಬೇಕಾದ ಲಾಟರಿ. ಹಾಗೆಂದು ಇದನ್ನು ಜೂಜಿನ ಸಾಲಿಗೆ ಸೇರಿಸುವುದು ತಪ್ಪು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸುವುದು ಹಣ ಕಟ್ಟಿ ಹಣಕ್ಕಾಗಿ ಆಡುವ ಆಟಗಳನ್ನು. ಮಾರಿಯೋ ಓಡಿಸುವವರು ಯಾರ ಹಣವನ್ನೂ ಪಣಕ್ಕಿಡುವುದಿಲ್ಲ. ರಮ್ಮಿ ಆ್ಯಪಿನಲ್ಲಿ ಸಾಲ ಮಾಡಿಕೊಂಡವರ ಸುದ್ದಿ ಓದಿ ಬೇಸತ್ತ ನಮ್ಮ ಮನೆಗಳಲ್ಲಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅರ್ಥವಾಗುವಂಥದ್ದೇ. ಆದರೆ ಮಗನೋ ಮಗಳೋ ಈ ದಾರಿ ಹಿಡಿಯುತ್ತೇನೆಂದರೆ ಕೇಳಬೇಕಾದ್ದು ‘ಎಷ್ಟು ಚೆನ್ನಾಗಿ ಆಡುತ್ತೀಯ?’ ಎಂದಲ್ಲ. ಗೆಲ್ಲದ ದಿನವೂ ಮೂರು ಗಂಟೆ ಜನರನ್ನು ಕೂರಿಸಿಕೊಂಡು ಮಾತಾಡಬಲ್ಲೆಯಾ ಎಂದು ಕೇಳಬೇಕು.

ಬೆರಳಿನ ವೇಗ ಇಳಿದರೂ ಈ ಶಕ್ತಿ ಉಳಿಯುತ್ತದೆ. ‘ಮೈಕ್ ಟೈಸನ್ಸ್ ಪಂಚ್ ಔಟ್’ ಎಂಬ ಹಳೆಯ ಬಾಕ್ಸಿಂಗ್ ಆಟದಲ್ಲಿ ವಿಶ್ವದಾಖಲೆಗಳನ್ನು ಮಾಡಿದ ಸಮನಿಂಗ್ ಸಾಲ್ಟ್ ಎಂಬವರನ್ನು ಇಂದು ಹೆಚ್ಚಿನವರು ಬಲ್ಲದ್ದು ಆ ದಾಖಲೆಗಳಿಂದಲ್ಲ. ಒಂದೊಂದು ಆಟದ ದಾಖಲೆ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾರು ಎಲ್ಲಿ ಒಂದು ಫ್ರೇಮಿನಿಂದ ತಪ್ಪಿಸಿಕೊಂಡರು ಎಂಬುದನ್ನು ಗಂಟೆಗಟ್ಟಲೆ ನಡೆಯುವ ಸಾಕ್ಷ್ಯಚಿತ್ರಗಳಾಗಿ ಅವರು ಯೂಟ್ಯೂಬಿಗೆ ಹಾಕುತ್ತಾರೆ. ಆ ಆಟಗಳನ್ನು ಒಮ್ಮೆಯೂ ಮುಟ್ಟದವರು ಕೂಡ ಅವನ್ನು ಕೊನೆಯವರೆಗೆ ನೋಡುತ್ತಾರೆ.