ರಾತ್ರಿ ಪಾಳಿಗೆ ಎಷ್ಟು ಊಟ?

ಅಕ್ಕಂದಿರೇ, ನಮ್ಮಲ್ಲಿ ಅನೇಕರು ಪಾಳಿಯಲ್ಲಿ ದುಡಿಯುತ್ತೇವೆ. ಒಂದು ವಾರ ಬೆಳಗಿನ ಪಾಳಿ. ಇನ್ನೊಂದು ವಾರ ಮಧ್ಯಾಹ್ನದ ಪಾಳಿ. ಮತ್ತೊಂದು ವಾರ ರಾತ್ರಿ ಪಾಳಿ. ಪಾಳಿ ಬದಲಾದಾಗ ಊಟದ ಹೊತ್ತೂ ಬದಲಾಗುತ್ತದೆ. ಆಗ ಎಷ್ಟು ಉಣ್ಣಬೇಕು? ಹೆಚ್ಚೋ, ಕಡಿಮೆಯೋ? ಬನ್ನಿ, ಲೆಕ್ಕ ಹಾಕಿ ನೋಡೋಣ.

ಒಂದು ಆಸ್ಪತ್ರೆ ಇದೆ ಎಂದುಕೊಳ್ಳಿ. ಅಲ್ಲಿ ಇಬ್ಬರು ಆಯಾಗಳು. ಒಬ್ಬಳು ಗೌರಮ್ಮ, ಇನ್ನೊಬ್ಬಳು ಮಾದೇವಿ. ಕೆಲಸಕ್ಕೆ ಸೇರಿದಾಗ ಇಬ್ಬರ ತೂಕವೂ 50 ಕೆ.ಜಿ. ಒಂದು ವರ್ಷ ಕಳೆಯಿತು. ಈಗ ಗೌರಮ್ಮನ ತೂಕ 56 ಕೆ.ಜಿ. ಮಾದೇವಿಯ ತೂಕ 45 ಕೆ.ಜಿ.

ಒಂದು ರಾತ್ರಿ ಮಾದೇವಿ ರೋಗಿಯೊಬ್ಬರನ್ನು ಎತ್ತಿ ಕೂರಿಸುತ್ತಿದ್ದಳು. ತಲೆ ಸುತ್ತಿತು. ಕಣ್ಣು ಕತ್ತಲಿಟ್ಟಿತು. ಗೌರಮ್ಮ ಓಡಿಬಂದು ಹಿಡಿದಳು. ಇಲ್ಲದಿದ್ದರೆ ರೋಗಿಯೂ ಬೀಳುತ್ತಿದ್ದರು, ಮಾದೇವಿಯೂ ಬೀಳುತ್ತಿದ್ದಳು.

ನರ್ಸು ಇಬ್ಬರನ್ನೂ ಕೂರಿಸಿ ಕೇಳಿದರು.

“ಊಟ ಯಾವಾಗ ಮಾಡಿದ್ದು ಮಾದೇವಿ?”

“ನೆನ್ನೆ ರಾತ್ರಿ ಸಿಸ್ಟರ್. ಬೆಳಿಗ್ಗೆ ಮನೆಗೋಗಿ ಅಡಿಗೆ ಮಾಡ್ದೆ. ಮಕ್ಕಳನ್ನ ಸ್ಕೂಲಿಗೆ ಕಳಿಸಿ ಮಲಗ್ದೆ. ಎದ್ದಾಗ ಸಂಜೆ. ಕಾಫಿ ಕುಡಿದು ಬಂದ್ಬಿಟ್ಟೆ. ಹಗಲೆಲ್ಲ ಮಲಗಿರ್ತೀನಲ್ಲ, ಊಟ ಯಾತಕ್ಕೆ ಅನ್ಕೊಂಡೆ.”

ಗೌರಮ್ಮ ಹೇಳಿದಳು: “ನಾನು ಹಂಗಲ್ಲಪ್ಪ. ನಿದ್ದೆಗೆಟ್ಟು ದುಡೀತೀವಿ, ಎರಡರಷ್ಟು ತಿನ್ಬೇಕು. ಮೂರು ಊಟದ ಮೇಲೆ ರಾತ್ರಿ ಬನ್ನು, ಬೋಂಡ, ನಾಕು ಸಲ ಟೀ.”

ನರ್ಸು ನಕ್ಕರು. “ನಿಮ್ಮಿಬ್ಬರ ಲೆಕ್ಕವೂ ತಪ್ಪು” ಎಂದರು.

ಮಲಗಿದರೂ ಖರ್ಚು ಇದೆ

ಒಲೆ ಉರಿಯಲು ಸೌದೆ ಬೇಕು. ಮೈ ನಡೆಯಲು ಊಟ ಬೇಕು. ಊಟದಿಂದ ಬರುವ ಶಕ್ತಿಯನ್ನು ಕ್ಯಾಲೊರಿ ಎಂಬ ಅಳತೆಯಲ್ಲಿ ಹೇಳುತ್ತಾರೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ. ಒಂದು ಸಣ್ಣ ಚಮಚ ಸಕ್ಕರೆಯಲ್ಲಿ 20. ಒಂದು ಸಣ್ಣ ಚಮಚ ಎಣ್ಣೆಯಲ್ಲಿ 45.

ಮಾದೇವಿ ಮಲಗಿದ್ದಳು, ನಿಜ. ಆದರೆ ಅವಳ ಎದೆ ಬಡಿಯುತ್ತಲೇ ಇತ್ತು. ಉಸಿರು ಆಡುತ್ತಲೇ ಇತ್ತು. ಮೈ ಬೆಚ್ಚಗೆ ಇತ್ತು. ಇದಕ್ಕೆಲ್ಲ ಶಕ್ತಿ ಖರ್ಚಾಗುತ್ತದೆ. ಒಲೆ ಆರಿಸಿದರೂ ಬೂದಿಯೊಳಗೆ ಕೆಂಡ ಇರುತ್ತದಲ್ಲ, ಹಾಗೆ. 55 ಕೆ.ಜಿ. ತೂಕದ ಹೆಂಗಸು ಇಡೀ ದಿನ ಸುಮ್ಮನೆ ಮಲಗಿದ್ದರೂ ಸುಮಾರು 1,200 ಕ್ಯಾಲೊರಿ ಬೇಕು. ಇದು ಮೈಯ ಮೂಲ ಖರ್ಚು. ಕೆಲಸದ ಖರ್ಚು ಇದರ ಮೇಲೆ.

ಲೆಕ್ಕ ಹೀಗೆ

ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 2020ರಲ್ಲಿ ಅದು ಭಾರತದ ಜನರಿಗೆ ಊಟದ ಲೆಕ್ಕ ಕೊಟ್ಟಿತು. 55 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ ಬೇಕಾದದ್ದು ಇಷ್ಟು:

ಕೂತು ಮಾಡುವ ಕೆಲಸ – 1,660 ಕ್ಯಾಲೊರಿ
ಓಡಾಡಿ ಮಾಡುವ ಕೆಲಸ – 2,130 ಕ್ಯಾಲೊರಿ
ಕಷ್ಟದ ದುಡಿಮೆ – 2,720 ಕ್ಯಾಲೊರಿ

ಅಂದರೆ ಒಂದು ಕೆ.ಜಿ. ತೂಕಕ್ಕೆ ಸುಮಾರು 30, 39, 49. ನಿಮ್ಮ ತೂಕವನ್ನು ಇದರಿಂದ ಗುಣಿಸಿ. ಇದು ಅಂದಾಜು. ಒಬ್ಬೊಬ್ಬರ ಮೈ ಒಂದೊಂದು ರೀತಿ.

ಆಯಾ ಕೆಲಸ ಓಡಾಡಿ ಮಾಡುವ ಕೆಲಸ. ಮಾದೇವಿ, ಗೌರಮ್ಮ ಇಬ್ಬರಿಗೂ ಇರಬೇಕಾದ ತೂಕ 50 ಕೆ.ಜಿ. ಎಂದಿಟ್ಟುಕೊಳ್ಳೋಣ.

50 × 39 = 1,950 ಕ್ಯಾಲೊರಿ.

ಮನೆಯಲ್ಲಿ ನೀರು ಹೊರುವುದು, ಬಟ್ಟೆ ಒಗೆಯುವುದು ಕೂಡ ಕೆಲಸವೇ. ಸಂಬಳ ಇಲ್ಲದಿರಬಹುದು. ಮೈಗೆ ಖರ್ಚಂತೂ ಇದೆ.

ರಾತ್ರಿ ಪಾಳಿಗೆ ಎಷ್ಟು ಹೆಚ್ಚು?

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಕೊಲೊರಾಡೊದಲ್ಲಿ ವಿಜ್ಞಾನಿಗಳು 14 ಜನರನ್ನು ಪ್ರಯೋಗಾಲಯದಲ್ಲಿ ಇರಿಸಿ ಅಳೆದರು. 2014ರಲ್ಲಿ ಅದರ ವರದಿ ಬಂತು. ಪಾಳಿ ಬದಲಾದ ಮೊದಲ ದಿನ ಅವರು ಹೆಚ್ಚು ಹೊತ್ತು ಎಚ್ಚರ ಇದ್ದರು. ಆ ದಿನ ಖರ್ಚು ನೂರಕ್ಕೆ 4ರಷ್ಟು ಹೆಚ್ಚಿತು. ಎರಡನೇ, ಮೂರನೇ ದಿನ ಹಗಲು ಮಲಗಿ ರಾತ್ರಿ ಎದ್ದಿದ್ದರು. ಆಗ ಖರ್ಚು ನೂರಕ್ಕೆ 3ರಷ್ಟು ಕಡಿಮೆಯೇ ಆಯಿತು!

1,950ಕ್ಕೆ ನೂರಕ್ಕೆ 4 ಅಂದರೆ 78 ಕ್ಯಾಲೊರಿ. ಒಂದು ಸಣ್ಣ ಬಾಳೆಹಣ್ಣಿನಷ್ಟು. ಗೌರಮ್ಮನ ಟೀ ನೋಡಿ. ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಸಕ್ಕರೆಯೊಂದೇ 160 ಕ್ಯಾಲೊರಿ. ಬನ್ನು, ಬೋಂಡದ ಲೆಕ್ಕ ಬೇರೆ. ಖರ್ಚಾಗದೆ ಉಳಿದದ್ದು ಕೊಬ್ಬಾಗಿ ಮೈಗೆ ಸೇರುತ್ತದೆ.

ಇನ್ನೊಂದು ಮಾತು. ರಕ್ತಕ್ಕೆ ಸೇರಿದ ಸಕ್ಕರೆಯನ್ನು ಮೈ ಹಗಲಿನಷ್ಟು ಚೆನ್ನಾಗಿ ರಾತ್ರಿ ಬಳಸುವುದಿಲ್ಲ. ಬಹಳ ವರ್ಷ ರಾತ್ರಿ ಪಾಳಿ ಮಾಡುವವರಿಗೆ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು.

ಹೊತ್ತು ಬದಲಿಸಿ, ಊಟ ಬಿಡಬೇಡಿ

ನರ್ಸು ಇಬ್ಬರಿಗೂ ಒಂದೇ ದಾರಿ ಹೇಳಿದರು.

ಸಂಜೆ 7 ಗಂಟೆಗೆ ಹೊಟ್ಟೆ ತುಂಬ ಊಟ. ಮುದ್ದೆ ಅಥವಾ ಅನ್ನ, ಸೊಪ್ಪಿನ ಸಾರು, ಕಾಳು.
ನಡುರಾತ್ರಿ ಹಸಿದರೆ ಸ್ವಲ್ಪ ಕಾಳಿನ ಉಸಲಿ, ಇಲ್ಲವೇ ಒಂದು ಬಾಳೆಹಣ್ಣು. ನೀರು ಕುಡಿಯಿರಿ.
ರಾತ್ರಿ 2 ಗಂಟೆಯ ಮೇಲೆ ಟೀ, ಕಾಫಿ ಬೇಡ. ಬೆಳಿಗ್ಗೆ ನಿದ್ದೆ ಬರುವುದಿಲ್ಲ.
ಮನೆಗೆ ಬಂದು ಎರಡು ಇಡ್ಲಿ ಅಥವಾ ಗಂಜಿ. ಆಮೇಲೆ ನಿದ್ದೆ.
ಎದ್ದ ಮೇಲೆ ಮತ್ತೆ ಸರಿಯಾದ ಊಟ.

ನಿದ್ದೆ ಬೇಕೇ ಬೇಕು. ನಿದ್ದೆ ಕೆಟ್ಟರೆ ಸಿಹಿ, ಕರಿದ ತಿಂಡಿಯ ಮೇಲೆ ಆಸೆ ಹೆಚ್ಚುತ್ತದೆ. “ಆ ವಾರ ಬೆಳಗಿನ ಅಡಿಗೆ ನಿಮ್ಮ ಯಜಮಾನರು ಮಾಡ್ಲಿ ಮಾದೇವಿ. ಬಾಯಿಬಿಟ್ಟು ಕೇಳು” ಎಂದರು ನರ್ಸು.

ಬಸುರಿಯರಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚು ಬೇಕು. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು 600 ಹೆಚ್ಚು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟದ ಹೊತ್ತು ಬದಲಿಸಬೇಡಿ.

ಲೆಕ್ಕ ಸರಿಯೋ ತಪ್ಪೋ, ತಿಳಿಯುವುದು ಹೇಗೆ? ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ. ಬರೆದಿಡಿ. ಬೇಕಾದ್ದಕ್ಕಿಂತ ಏರುತ್ತಿದ್ದರೆ ಸಕ್ಕರೆ, ಎಣ್ಣೆ ಕಡಿಮೆ ಮಾಡಿ. ಇಳಿಯುತ್ತಿದ್ದರೆ ಊಟ ಹೆಚ್ಚಿಸಿ. ಹೊಟ್ಟೆ ತುಂಬ ಉಂಡರೂ ಇಳಿಯುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಮಾದೇವಿ ಈಗ ಗೋಡೆಯ ಕ್ಯಾಲೆಂಡರಿನಲ್ಲಿ ತೂಕ ಬರೆಯುತ್ತಾಳೆ. 45, 46, 47. ಗೌರಮ್ಮನೂ ಬರೆಯುತ್ತಾಳೆ. 56, 55, 54.

ನೀವೇ ಮಾಡಿ

1. ನಿಮ್ಮ ತೂಕ ಎಷ್ಟು? ______ ಕೆ.ಜಿ.
2. ನಿಮ್ಮ ಕೆಲಸ ಯಾವುದು? ಕೂತು ಮಾಡುವುದೋ, ಓಡಾಡಿ ಮಾಡುವುದೋ, ಕಷ್ಟದ ದುಡಿಮೆಯೋ?
3. ನಿಮಗೆ ದಿನಕ್ಕೆ ಬೇಕಾದ ಕ್ಯಾಲೊರಿ: ______ × ______ = ______
4. ರಾತ್ರಿ ಪಾಳಿ ಮಾಡುವವರಿಗೆ ಹಗಲು ನಿದ್ದೆ ಸಿಗಲು ಮನೆಯವರು ಏನು ಮಾಡಬಹುದು? ಕೂಡಿ ಮಾತಾಡಿ.