ನಿಮಗಿದು ಗೊತ್ತೇ? – ಚೌಕಟ್ಟಿಗೆ ಬಿಗಿದ ಬಟ್ಟೆ, ವೇದಿಕೆಗೆ ಬೆನ್ನು

ಶಾಲಾ ವಾರ್ಷಿಕೋತ್ಸವವಿರಲಿ, ಬಡಾವಣೆಯ ಗಣೇಶೋತ್ಸವವಿರಲಿ, ಹವ್ಯಾಸಿಗಳ ನಾಟಕವಿರಲಿ, ವೇದಿಕೆಯ ಹಿಂಭಾಗ ಬೋಳಾಗಿದ್ದರೆ ಮುಂದೆ ನಿಂತವರೂ ಪೇಲವ. ರೀಪರ್ ಪಟ್ಟಿ, ಕೋರಾ ಬಟ್ಟೆ, ಸ್ಟೇಪಲ್ ಗನ್, ಒಂದು ಪಾತ್ರೆ ಗಂಜಿ ಇದ್ದರೆ ಅದಕ್ಕೊಂದು ದಾರಿಯಿದೆ.

● ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ನಿಲ್ಲಿಸುವ ಈ ಅಂಕಣವನ್ನು ರಂಗಭೂಮಿಯವರು ‘ಫ್ಲ್ಯಾಟ್’ ಎನ್ನುತ್ತಾರೆ. ಅಮೆರಿಕದ ಹಳೆಯ ಪ್ರವಾಸಿ ನಾಟಕ ಕಂಪನಿಗಳ ಫ್ಲ್ಯಾಟಿನ ಅಗಲ ಸಾಮಾನ್ಯವಾಗಿ 5 ಅಡಿ 9 ಇಂಚು ಮೀರುತ್ತಿರಲಿಲ್ಲ. ಸರಕು ರೈಲಿನ ಬಾಗಿಲಲ್ಲಿ ತೂರಿಸಬೇಕಿತ್ತಲ್ಲ! ನೀವೂ ಮರ ಕೊಯ್ಯಿಸುವ ಮೊದಲು ಸಭಾಂಗಣದ ಬಾಗಿಲನ್ನೂ ಟೆಂಪೊವನ್ನೂ ಅಳೆದುಬಿಡಿ.

● ಮಾಸ್ಕೋ ಆರ್ಟ್ ಥಿಯೇಟರ್ 1912ರ ಜನವರಿಯಲ್ಲಿ ಆಡಿದ ‘ಹ್ಯಾಮ್ಲೆಟ್’ಗೆ ಇಂಗ್ಲೆಂಡಿನ ಎಡ್ವರ್ಡ್ ಗಾರ್ಡನ್ ಕ್ರೇಗ್ ಎತ್ತರೆತ್ತರದ ಮಡಿಸುವ ಪರದೆಗಳನ್ನು ಯೋಜಿಸಿದ್ದರು. ಕಬ್ಬಿಣ, ತಾಮ್ರ, ಓಕ್ ಮರ, ಕಾರ್ಕ್ ಎಲ್ಲವನ್ನೂ ಮಾಡಿ ನೋಡಿದ್ದಾಯಿತು. ಕೊನೆಗೆ ಗೆದ್ದದ್ದು ಮರದ ಚೌಕಟ್ಟಿಗೆ ಬಿಗಿದ, ಬಣ್ಣ ಕಾಣದ ಕ್ಯಾನ್ವಾಸ್. ಪ್ರದರ್ಶನಕ್ಕೆ ಸ್ವಲ್ಪ ಮೊದಲು ಒಂದು ಪರದೆ ವಾಲಿ, ಅದರ ಹಿಂದೆಯೇ ಉಳಿದವೂ ಉರುಳಿದವೆಂದು ಆ ಥಿಯೇಟರಿನ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕ್ರೇಗ್ ಮಾತ್ರ ಅದನ್ನು ಒಪ್ಪಲಿಲ್ಲ. ಯಾರ ಮಾತು ನಿಜವೋ ಇರಲಿ, ಫ್ಲ್ಯಾಟಿನ ಹಿಂದೆ ಓರೆ ಆಸರೆಯೂ ಅದರ ಬುಡಕ್ಕೆ ಮರಳು ಚೀಲವೂ ಇರಲೇಬೇಕು.

● ನಮ್ಮ ಕಂಪನಿ ನಾಟಕಗಳ ದಾರಿ ಬೇರೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥವು ಅರಮನೆ, ಬೀದಿ, ಕಾಡು ಎಲ್ಲವನ್ನೂ ಪರದೆಯ ಮೇಲೇ ಬರೆಸುತ್ತಿದ್ದವು. ಬೀದಿ ಪರದೆಯ ಮುಂದೆ ಹಾಸ್ಯಪಾತ್ರಗಳು ಜನರನ್ನು ನಗಿಸುತ್ತಿರುವಷ್ಟರಲ್ಲಿ ಹಿಂದೆ ದರ್ಬಾರು ಸಜ್ಜಾಗುತ್ತಿತ್ತು!

● ಎಲ್ಲಕ್ಕಿಂತ ಅಗ್ಗದ ತೆರೆ ಯಕ್ಷಗಾನದ್ದು. ಚೌಕಟ್ಟಿಲ್ಲ, ಹಗ್ಗವಿಲ್ಲ, ಹಿಡಿಯಲು ಇಬ್ಬರು ಸಾಕು.

● ನಾಲ್ಕು ಪಟ್ಟಿ ಸೇರಿಸಿ ಮೊಳೆ ಹೊಡೆದ ಚೌಕ ಅಲ್ಲಾಡುತ್ತದೆ, ತ್ರಿಕೋನ ಅಲ್ಲಾಡುವುದಿಲ್ಲ. ಆದ್ದರಿಂದ ಪ್ರತಿ ಮೂಲೆಗೂ 6 ಮಿ.ಮೀ. ಪ್ಲೈವುಡ್ಡಿನ ಮುಕ್ಕೋನ ತುಂಡೊಂದನ್ನು ಕೂರಿಸಬೇಕು. ಪ್ಲೈವುಡ್ಡಿನ ಮೇಲಿನ ಎಳೆ ಕೂಡುಗೆರೆಯನ್ನು ಅಡ್ಡಕ್ಕೆ ದಾಟಿದರೆ ಹಿಡಿತ ಹೆಚ್ಚು. ಮೂಲೆಮಟ್ಟ ಇಲ್ಲವೇ? ಎರಡೂ ಕರ್ಣಗಳನ್ನು ಅಳೆಯಿರಿ. ಸಮ ಬಂದರೆ ಚೌಕಟ್ಟು ನೇರ.

● ಕೋರಾ ಬಟ್ಟೆ ನೀರು ಬಿದ್ದರೆ ಕುಗ್ಗುತ್ತದೆ ಎಂಬುದು ದರ್ಜಿಗಳಿಗೆ ತಲೆನೋವು, ರಂಗಸಜ್ಜಿಕೆಯವರಿಗೆ ವರ! ಮಗ್ಗದಲ್ಲಿ ಎಳೆತಕ್ಕೆ ಸಿಕ್ಕ ನೂಲು ನೆನೆದಾಗ ಸಡಿಲಗೊಂಡು ತನ್ನ ಅಳತೆಗೆ ಮರಳುತ್ತದೆ. ಎಳೆಗಳು ಉಬ್ಬಿ ಬಟ್ಟೆಯ ಉದ್ದಗಲ ತಗ್ಗುತ್ತವೆ. ಹಾಗಾಗಿ ಬಟ್ಟೆಯನ್ನು ಮೊದಲು ಒಗೆಯಬಾರದು. ಚೌಕಟ್ಟಿಗೆ ಹೊಡೆದ ಮೇಲೆ ತೆಳು ಗಂಜಿ ಬಳಿದು ಒಣಗಲು ಬಿಟ್ಟರೆ ಅದು ತಮಟೆಯಂತೆ ಬಿಗಿಯುತ್ತದೆ. ಹಿಂದೆ ಯುರೋಪಿನವರು ಈ ಕೆಲಸಕ್ಕೆ ಪ್ರಾಣಿಗಳ ಚರ್ಮ ಕುದಿಸಿ ತೆಗೆದ ಅಂಟನ್ನು ಬಳಸುತ್ತಿದ್ದರು. ನಮಗೆ ಮೈದಾ ಗಂಜಿಯೇ ಸಾಕು. ಹುಳು ಬೀಳದಿರಲು ಚಿಟಿಕೆ ಮೈಲುತುತ್ತ ಸೇರಿಸಿ. ಅದು ವಿಷ, ಮಕ್ಕಳ ಕೈಗೆ ಸಿಗದಿರಲಿ.

● ಹೊಡೆಯುವಾಗಲೇ ಬಲವಾಗಿ ಎಳೆದು ಬಿಗಿಯುವುದು ಎಲ್ಲರಿಗೂ ಬರುವ ಹುಮ್ಮಸ್ಸು. ಗಂಜಿ ಒಣಗಿದಾಗ ಬಟ್ಟೆ ಸೆಳೆದು ಪಟ್ಟಿಯೇ ಒಳಕ್ಕೆ ಬಾಗುತ್ತದೆ! ಸ್ವಲ್ಪ ಸಡಿಲ ಬಿಡಿ. ಮೊದಲ ಪಿನ್ ಪಟ್ಟಿಯ ನಡುವೆ, ಎರಡನೆಯದು ಅದರ ಎದುರು ಬದಿಯ ನಡುವೆ, ಹೀಗೆ ನಡುವಿನಿಂದ ಮೂಲೆಗಳತ್ತ ಸಾಗಬೇಕು. ಮೂಲೆಯಿಂದ ಶುರು ಮಾಡಿದರೆ ಸುಕ್ಕು ಖಚಿತ.

● ಪಾಲಿಯೆಸ್ಟರ್ ಸ್ಯಾಟಿನ್‌ಗೆ ಗಂಜಿಯ ಈ ಉಪಾಯ ನಡೆಯದು. ನೀರಿಗೆ ಅದು ಹೀಗೆ ಕುಗ್ಗುವುದಿಲ್ಲ. ಅಲ್ಲಿ ಹಿಗ್ಗುವ ಲೈಕ್ರಾ ಮೇಲು. ಆ ನೂಲನ್ನು 1958ರಲ್ಲಿ ರೂಪಿಸಿದವರು ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್. ಕೊಳ್ಳುವಾಗ ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿ. ಒಂದೇ ಕಡೆ ಹಿಗ್ಗಿದರೆ ಬೇಡ.

● ಸೊಳ್ಳೆಪರದೆಯ ಬಟ್ಟೆಯಿಂದ ಜಾದೂ ಮಾಡಬಹುದು. ಮುಂದಿನಿಂದ ಓರೆಯಾಗಿ ಬೆಳಕು ಬಿಟ್ಟರೆ ಅದು ಗೋಡೆ. ಮುಂದಿನ ದೀಪ ಆರಿಸಿ ಹಿಂದಿನದು ಹೊತ್ತಿಸಿದರೆ ಗೋಡೆ ಮಾಯ, ಹಿಂದೆ ನಿಂತವರು ಪ್ರತ್ಯಕ್ಷ! ಕನಸಿನ ದೃಶ್ಯಕ್ಕೆ ಇಷ್ಟು ಅಗ್ಗದ ತಂತ್ರ ಇನ್ನೊಂದಿಲ್ಲ.

● ಬಟ್ಟೆಯನ್ನು ನಾಲ್ಕು ಬಿಂದುಗಳಿಗೆ, ಎರಡು ಮೇಲೆ, ಎರಡು ಕೆಳಗೆ, ಓರೆಕೋರೆಯಾಗಿ ಎಳೆದರೆ ಅದು ತಾನಾಗಿ ಕುದುರೆಯ ಜೀನಿನ ಆಕಾರ ತಾಳಿ ಗಟ್ಟಿಯಾಗುತ್ತದೆ. ಜರ್ಮನಿಯ ವಾಸ್ತುಶಿಲ್ಪಿ ಫ್ರೈ ಓಟ್ಟೊ 1955ರಲ್ಲಿ ಕಾಸೆಲ್ ಉದ್ಯಾನ ಪ್ರದರ್ಶನದ ಸಂಗೀತ ವೇದಿಕೆಗೆ ಹತ್ತಿ ಬಟ್ಟೆಯ ಇಂಥದೇ ಚಾವಣಿ ಕಟ್ಟಿದರು. 2015ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಅವರ ಪಾಲಾಯಿತು.

● ಬಯಲು ವೇದಿಕೆಯಲ್ಲಿ ಫ್ಲ್ಯಾಟ್ ಎಂದರೆ ಹಾಯಿಯೇ. ಗಂಟೆಗೆ 36 ಕಿ.ಮೀ. ಗಾಳಿ 8 ಅಡಿ, 4 ಅಡಿ ಅಳತೆಯ ಒಂದು ಅಂಕಣವನ್ನು ಸುಮಾರು 18 ಕೆ.ಜಿ. ಭಾರದಷ್ಟು ಬಲದಿಂದ ತಳ್ಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಮಳೆಗಾಳಿಯ ಸೂಚನೆ ಕಂಡರೆ ಮುಲಾಜಿಲ್ಲದೆ ಕೆಳಗಿಳಿಸಿ.

● ಗಾಳಿಗಿಂತ ಬೆಂಕಿಯ ಭಯ ದೊಡ್ಡದು. ಷಿಕಾಗೋದ ಇರಾಕ್ವಾಯ್ ರಂಗಮಂದಿರದಲ್ಲಿ 1903ರ ಡಿಸೆಂಬರ್ 30ರಂದು ದೀಪದ ಕಿಡಿಯೊಂದು ಪರದೆಗೆ ತಾಗಿ 600ಕ್ಕೂ ಹೆಚ್ಚು ಮಂದಿ ಸತ್ತರು. ಹರಿಯಾಣದ ಡಬ್ವಾಲಿಯಲ್ಲಿ 1995ರಲ್ಲಿ ಶಾಲಾ ಸಮಾರಂಭದ ಶಾಮಿಯಾನ ಹೊತ್ತಿ 400ಕ್ಕೂ ಹೆಚ್ಚು ಜನ ಬಲಿಯಾದರು. ನಮ್ಮ ಬೆಂಗಳೂರಿನಲ್ಲೇ 1981ರ ಫೆಬ್ರುವರಿಯಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ಸತ್ತವರಲ್ಲಿ ಹೆಚ್ಚಿನವರು ಮಕ್ಕಳು.

● ಇದಕ್ಕೆ ಮದ್ದು ಹುಡುಕುವ ಕೆಲಸ ಹಳೆಯದು. ಇಟಲಿಯ ರಂಗತಜ್ಞ ಸಬ್ಬಾತ್ತಿನಿ 1638ರಲ್ಲೇ ರಂಗಪರದೆಯ ಬಣ್ಣಕ್ಕೆ ಜೇಡಿಮಣ್ಣು, ಜಿಪ್ಸಂ ಬೆರೆಸಲು ಹೇಳಿದ್ದರು. ಫ್ರಾನ್ಸಿನ ದೊರೆ 18ನೇ ಲೂಯಿ ವಹಿಸಿದ ಕೆಲಸದಂತೆ ರಸಾಯನಶಾಸ್ತ್ರಜ್ಞ ಗೇ-ಲ್ಯೂಸಾಕ್ 1821ರಲ್ಲಿ ಅಮೋನಿಯಂ ಲವಣಗಳನ್ನೂ ಬಿಳಿಗಾರವನ್ನೂ ಸೂಚಿಸಿದರು. ಬಿಳಿಗಾರ ಇಂದಿಗೂ ಕೆಲಸಕ್ಕೆ ಬರುತ್ತದೆ. 10 ಲೀಟರ್ ಬಿಸಿನೀರಿಗೆ ಸುಮಾರು 700 ಗ್ರಾಂ ಬಿಳಿಗಾರ, 300 ಗ್ರಾಂ ಬೋರಿಕ್ ಪುಡಿ ಕರಗಿಸಿ ಹತ್ತಿ ಬಟ್ಟೆಯ ಹಿಂಬದಿಗೆ ತೊಯ್ಯುವಂತೆ ಸಿಂಪಡಿಸಿ. ಒಣಗಿದ ಮೇಲೆ ಅದೇ ಬಟ್ಟೆಯ ಒಂದು ಚೂರನ್ನು ಬಯಲಿನಲ್ಲಿ ಸುಟ್ಟು ನೋಡಿ, ಬೆಂಕಿ ತೆಗೆದೊಡನೆ ಜ್ವಾಲೆ ನಿಲ್ಲಬೇಕು. ನೀರು ತಾಗಿದರೆ ಮದ್ದು ತೊಳೆದುಹೋಗುತ್ತದೆ, ಮತ್ತೆ ಹೊಡೆಯಬೇಕು. ಸಿಂಥೆಟಿಕ್ ಬಟ್ಟೆಗೆ ಇದನ್ನು ನಂಬಬೇಡಿ.

● ವೇದಿಕೆಯ ಹಿಂದೆ ಈಗ ಎಲ್ಲೆಡೆ ಕಾಣುವ ಫ್ಲೆಕ್ಸ್, ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿದೆ. ಅದರ ಮೇಲೆ ದಿನಾಂಕ ಅಚ್ಚಾಗಿದ್ದರಂತೂ ಮರುದಿನ ಬೆಳಗ್ಗೆಗೇ ಕಸ. ಫ್ಲ್ಯಾಟಿಗೆ ಹಾಗಿಲ್ಲ, ಬಣ್ಣ ಬದಲಿಸಿದರೆ ಮುಂದಿನ ವರ್ಷಕ್ಕೆ ತಯಾರು. ಈ ಸಲದ ಸಮಾರಂಭಕ್ಕೆ ಫ್ಲೆಕ್ಸ್ ಅಂಗಡಿಗೆ ಫೋನ್ ಮಾಡುವ ಮೊದಲು ನಿಮ್ಮೂರಿನ ಬಡಗಿಯನ್ನು ಒಮ್ಮೆ ವಿಚಾರಿಸಿ.