ಬಾಗಿದ ಕಡ್ಡಿ, ಕೆಮ್ಮುವ ಎಂಜಿನ್

ಹಳೆಯ ಕಾರಿನ ಎಂಜಿನ್ ಒಂದು ಬೆಳಿಗ್ಗೆ ಟಕ್ ಟಕ್ ಎಂದು ಸದ್ದು ಮಾಡತೊಡಗಿ, ಏರಿನಲ್ಲಿ ಏದುಸಿರು ಬಿಡಲಾರಂಭಿಸಿತೆಂದರೆ ಮನೆಮಂದಿಯ ಮುಖವೆಲ್ಲ ಬಾಡುತ್ತದೆ. "ಎಂಜಿನ್ ಪೂರ್ತಿ ಬಿಚ್ಚಬೇಕು ಸ್ವಾಮಿ" ಎಂಬ ಒಂದು ಮಾತು ರಿಪೇರಿ ಅಂಗಡಿಯಿಂದ ಹೊರಟರೆ ಸಾಕು, ತಿಂಗಳ ಸಂಬಳದ ಲೆಕ್ಕ ತಲೆಕೆಳಗಾಗುತ್ತದೆ. ಆದರೆ ಇಂತಹ ಪ್ರಸಂಗಗಳಲ್ಲಿ ಕೆಲವೊಮ್ಮೆ ಸಿಕ್ಕಿಬೀಳುವ ಅಪರಾಧಿ ಪೆನ್ಸಿಲಿನಂತಹ ಒಂದು ಉಕ್ಕಿನ ಕಡ್ಡಿ. ಅದರ ಹೆಸರು ಪುಷ್ ರಾಡ್.

ನಮ್ಮ ದೇಶದಲ್ಲಿ ಪುಷ್ ರಾಡಿನ ಎಂಜಿನ್ ಎಂದೊಡನೆ ನೆನಪಿಗೆ ಬರುವುದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಅನುಸರಿಸಿ ಹುಟ್ಟಿದ ಈ ವಾಹನದ ತಯಾರಿಕೆ 2014 ರಲ್ಲಿ ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ ನಿಂತುಹೋಯಿತು. ಆದರೂ ಅದರ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್ನನ್ನು ಜತನದಿಂದ ಕಾಪಾಡಿಕೊಂಡು ಬಂದಿರುವ ಮನೆಗಳು ಇಂದಿಗೂ ಇವೆ. ನಾಲ್ಕು ಸಿಲಿಂಡರು, ಎಂಟು ಕವಾಟ, ಎಂಟು ಕಡ್ಡಿ. ಕವಾಟಗಳಿರುವುದು ಮೇಲೆ, ಹೆಡ್ಡಿನಲ್ಲಿ. ಅವುಗಳನ್ನು ತೆರೆಯಿಸುವ ಕ್ಯಾಮ್ ಶಾಫ್ಟ್ ಇರುವುದು ಕೆಳಗೆ, ಬ್ಲಾಕಿನಲ್ಲಿ. ಇವೆರಡರ ನಡುವಿನ ದೂತನೇ ಪುಷ್ ರಾಡ್. ಕ್ಯಾಮಿನ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಕಡ್ಡಿಯನ್ನು ಎತ್ತುತ್ತದೆ, ಕಡ್ಡಿಯು ರಾಕರಿನ ಒಂದು ತುದಿಯನ್ನು ಮೇಲೆತ್ತಿದಾಗ ಏತದ ಮರದಂತೆ ಇನ್ನೊಂದು ತುದಿ ಕೆಳಗಿಳಿದು ಕವಾಟವನ್ನು ಅದುಮುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಕಡ್ಡಿಯೂ ಸೆಕೆಂಡಿಗೆ 25 ಸಲ ಈ ಊಳಿಗವನ್ನು ಮಾಡುತ್ತದೆ. ಎದುರಿನ ಕವಾಟವು ಅಲುಗದೆ ಹಟ ಹಿಡಿದರೆ ಕೆಳಗಿನ ಕ್ಯಾಮ್ ಅದಕ್ಕಾಗಿ ಕಾಯುವುದಿಲ್ಲ. ಆಗ ಬಡ ಕಡ್ಡಿಯ ನಡು ಬಾಗುತ್ತದೆ.

ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರ ಕಾರು ಎರಡು ಮಳೆಗಾಲ ಶೆಡ್ಡಿನಲ್ಲೇ ನಿಂತಿತ್ತು. ಮಗಳ ಮದುವೆಯ ಓಡಾಟಕ್ಕೆಂದು ಹೊರಗೆ ತೆಗೆದರು. ಮೂರನೆಯ ದಿನವೇ ಎಂಜಿನ್ ಕೆಮ್ಮತೊಡಗಿತು. ಗ್ಯಾರೇಜೊಂದರವರು ಬಾಗಿದ ಕಡ್ಡಿಯನ್ನು ತೆಗೆದು, ಹೊಸದನ್ನಿಟ್ಟು, ಹಣ ಪಡೆದು ಕಳುಹಿಸಿದರು. ವಾರ ಕಳೆಯುವಷ್ಟರಲ್ಲಿ ಹೊಸ ಕಡ್ಡಿಯೂ ಬಾಗಿತು. ಎರಡನೆಯ ಸಲ ಅದೇ ಜಾಗದಲ್ಲಿ ಸಿಕ್ಕಿದ ಸಲಹೆ, ಎಂಜಿನ್ ಸತ್ತಿದೆ, ಗುಜರಿಗೆ ಕೊಟ್ಟುಬಿಡಿ ಎಂಬುದು. ಮದುವೆಯ ಖರ್ಚಿನ ನಡುವೆ ಮನೆಯವರೂ ಅದಕ್ಕೇ ಒಪ್ಪಿದ್ದರು. ಮಾರುವ ಮುನ್ನ ಒಮ್ಮೆ ತೋರಿಸೋಣವೆಂದು ಹಳೆಯ ಮೇಸ್ತ್ರಿಯೊಬ್ಬರನ್ನು ಕರೆತಂದರು. ಆತ ಬಾಗಿದ ಎರಡೂ ಕಡ್ಡಿಗಳನ್ನು ಕೈಯಲ್ಲಿ ಹಿಡಿದು, "ಇದು ಯಾಕೆ ಬಾಗ್ತು ಅಂತ ಯಾರೂ ಕೇಳಲಿಲ್ವಾ ಮೇಷ್ಟ್ರೇ?" ಎಂದರು. ಗ್ಯಾರೇಜಿಗೆ ಬೇಕಾಗಿದ್ದುದು ಆ ಒಂದು ಪ್ರಶ್ನೆ ಮಾತ್ರ.

ಮೇಸ್ತ್ರಿ ಮೊದಲು ಸ್ಪ್ಯಾನರ್ ಮುಟ್ಟಲಿಲ್ಲ, ಕಿವಿಗೊಟ್ಟರು. ಕಾರ್ಬುರೇಟರಿನ ಬಾಯಲ್ಲಿ ಫಟ್ ಫಟ್ ಎಂಬ ಸದ್ದು. ಹೊಗೆ ಹೊರಹೋಗುವ ಕವಾಟ ತೆರೆಯದಿದ್ದರೆ, ಉರಿದ ಅನಿಲಕ್ಕೆ ದಾರಿಯಿಲ್ಲದೆ, ಒಳಬರುವ ಕವಾಟ ತೆರೆದೊಡನೆ ಅದು ಹಿಂದಕ್ಕೆ ನುಗ್ಗಿ ಹೀಗೆ ಸೀನುತ್ತದೆಯಂತೆ. ಅನಂತರ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಿತ್ತು ನೋಡಿದರು. ಮೂರನೆಯದನ್ನು ಕಿತ್ತಾಗ ಎಂಜಿನ್ನಿನ ಓಟದಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಕೆಲಸ ಬಿಟ್ಟ ಸಿಲಿಂಡರು ಅದೇ ಎಂದಾಯಿತು. ಎಂಜಿನ್ ನಿಲ್ಲಿಸಿ, ರಾಕರಿನ ಮುಚ್ಚಳ ತೆಗೆದು, ಪ್ಲಗ್ಗುಗಳನ್ನು ಬಿಚ್ಚಿ ಹ್ಯಾಂಡಲಿನಿಂದ ನಿಧಾನವಾಗಿ ತಿರುಗಿಸಿದರೆ ಏಳು ರಾಕರುಗಳು ಕ್ರಮವಾಗಿ ತಲೆಬಾಗಿದವು, ಮುಂದಿನಿಂದ ಐದನೆಯದು ಮಾತ್ರ ಸುಮ್ಮನಿತ್ತು. ಐದನೆಯದು ಮೂರನೆಯ ಸಿಲಿಂಡರಿನ ಹೊಗೆ ಕವಾಟದ್ದೇ.

ಇಲ್ಲೊಂದು ಎಚ್ಚರ ಬೇಕು. ಈ ಎಂಜಿನ್ನಿನಲ್ಲಿ ರಾಕರ್ ಶಾಫ್ಟನ್ನು ಹಿಡಿದಿರುವ ನಟ್ಟುಗಳಲ್ಲಿ ಕೆಲವು ಹೆಡ್ಡನ್ನೂ ಹಿಡಿದಿರುತ್ತವೆ. ಅವನ್ನಷ್ಟೇ ಸಡಿಲಿಸಿದರೆ ಹೆಡ್ ಸೊಟ್ಟಗಾಗುವ ಭಯವುಂಟು. ರೇಡಿಯೇಟರಿನ ನೀರು ಬಸಿದು, ಹೆಡ್ಡಿನ ಎಲ್ಲ ನಟ್ಟುಗಳನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಕಡ್ಡಿಗಳನ್ನು ತೆಗೆಯುವಾಗ ತುಸು ತಿರುಗಿಸಿ ಎಳೆಯಬೇಕು. ಇಲ್ಲವಾದರೆ ಎಣ್ಣೆಯ ಅಂಟಿಗೆ ಟ್ಯಾಪೆಟ್ಟೂ ಮೇಲೆ ಬಂದೀತು. ಒಂದು ರಟ್ಟಿಗೆ ಎಂಟು ತೂತು ಕೊರೆದು, ತೆಗೆದ ಕ್ರಮದಲ್ಲೇ ಕಡ್ಡಿಗಳನ್ನು ಚುಚ್ಚಿಟ್ಟರು. ಅವು ತಮ್ಮ ತಮ್ಮ ಟ್ಯಾಪೆಟ್ಟು, ರಾಕರುಗಳೊಡನೆ ಸವೆದು ಹೊಂದಿಕೊಂಡಿರುವುದರಿಂದ ಅದಲುಬದಲಾಗಬಾರದು. ಬಳಿಕ ಕಿಟಕಿಯ ಗಾಜಿನ ಹಲಗೆಯೊಂದರ ಮೇಲೆ ಒಂದೊಂದನ್ನೇ ಉರುಳಿಸಿದರು. ನೇರವಾದುದು ಸದ್ದಿಲ್ಲದೆ ಉರುಳುತ್ತದೆ; ಬಾಗಿದುದು ಕುಂಟುತ್ತದೆ, ಅದರ ಕೆಳಗೆ ಬೆಳಕು ಕಾಣುತ್ತದೆ. ಇಷ್ಟು ಸರಳವಾದ ಪರೀಕ್ಷೆಯನ್ನು ಮನೆಯ ಮಕ್ಕಳೂ ಮಾಡಬಹುದು.

ಬಾಗಿದ ಕಡ್ಡಿಯನ್ನು ಸುತ್ತಿಗೆಯಿಂದ ಬಡಿದು ನೇರ ಮಾಡಬಾರದೆ ಎಂದು ಮೇಷ್ಟ್ರು ಕೇಳಿದರು. ಊರಿನಿಂದ ದೂರ ಕಾಡಿನ ನಡುವೆ ಸಿಕ್ಕಿಬಿದ್ದಾಗ, ಮನೆ ಸೇರುವ ಮಟ್ಟಿಗೆ, ಮಾಡಬಹುದು. ಒಮ್ಮೆ ಮಣಿದ ಉಕ್ಕು ಅದೇ ಜಾಗದಲ್ಲಿ ಮತ್ತೆ ಮಣಿಯುತ್ತದೆ. ಉಳಿದಂತೆ ಹೊಸದನ್ನು ಹಾಕುವುದೊಂದೇ ದಾರಿ.

ಕಾರಣ ಕವಾಟದಲ್ಲೇ ಇತ್ತು. ಅದರ ಕಾಂಡದ ತುದಿಗೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಸ್ಪ್ರಿಂಗಿನ ಬಲಕ್ಕೆ ಚಟ್ಟನೆ ಮೇಲೇಳಬೇಕಾಗಿದ್ದ ಕವಾಟ ಮುದುಕನಂತೆ ಎದ್ದಿತು. ತೇವದ ತುಕ್ಕೂ ಹಳೆಯ ಮಸಿಯೂ ಸೇರಿ ಗೈಡಿನೊಳಗೆ ಅದನ್ನು ಬಿಗಿಹಿಡಿದಿದ್ದವು. ಹೆಡ್ ಇಳಿಸಿ, ಗೈಡನ್ನು ಶುಚಿಮಾಡಿ, ಕವಾಟವನ್ನು ಅದರ ಪೀಠಕ್ಕೆ ಅರೆದು ಕೂಡಿಸಿದರು. ಪಿಸ್ಟನ್ನಿನ ನೆತ್ತಿಯಲ್ಲಿ ಪೆಟ್ಟಿನ ಗುರುತಿದೆಯೇ ಎಂದೂ ನೋಡಿದರು, ಇರಲಿಲ್ಲ. ಇದ್ದಿದ್ದರೆ ಕಥೆಯೇ ಬೇರೆ. ಟೈಮಿಂಗ್ ಚೈನನ್ನು ತಪ್ಪಾಗಿ ಜೋಡಿಸಿದಲ್ಲಿ, ಅಥವಾ ಘಾಟಿಯ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ವೇಗವಾಗಿ ಬಿಟ್ಟು ಎಂಜಿನ್ ಮಿತಿಮೀರಿ ತಿರುಗಿದಲ್ಲಿ, ಸ್ಪ್ರಿಂಗುಗಳು ಸೋತು ಕವಾಟ ಪಿಸ್ಟನ್ನಿಗೆ ತಗಲುವುದುಂಟು.

ಹೊಸ ಗ್ಯಾಸ್ಕೆಟ್ ಇಟ್ಟು ಎಲ್ಲವನ್ನೂ ಕೂಡಿಸಿ, ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ, ರಾಕರಿಗೂ ಕವಾಟಕ್ಕೂ ನಡುವಿನ ಸಂದಿಯನ್ನು ಫೀಲರ್ ಗೇಜಿನಿಂದ 0.015 ಅಂಗುಲಕ್ಕೆ, ಎಂದರೆ ಸುಮಾರು 0.38 ಮಿ.ಮೀ.ಗೆ, ತಂದರು. ಇದಕ್ಕೊಂದು ಸೊಗಸಾದ ಲೆಕ್ಕವಿದೆ: ಎಂಟನೆಯ ಕವಾಟ ಪೂರ್ತಿ ತೆರೆದಿರುವಾಗ ಒಂದನೆಯದನ್ನು ಸರಿಪಡಿಸಬೇಕು, ಆರನೆಯದು ತೆರೆದಿರುವಾಗ ಮೂರನೆಯದನ್ನು, ಎರಡನ್ನೂ ಕೂಡಿದರೆ ಯಾವಾಗಲೂ ಒಂಬತ್ತು. ಗಣಿತದ ಮೇಷ್ಟ್ರು ಆ ದಿನ ಮೊದಲ ಸಲ ನಕ್ಕದ್ದು ಇದನ್ನು ಕೇಳಿ.

ಹೊಸ ಗ್ಯಾಸ್ಕೆಟ್ ಅದುಮಿಕೊಂಡು ಕೂತ ಮೇಲೆ ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕಾಗುತ್ತದೆ. ಆಗ ಸಂದಿಯ ಅಳತೆಯೂ ಬದಲಾಗುವುದರಿಂದ ಅಂದೇ ಅದನ್ನೂ ನೋಡಿಬಿಡಬೇಕು. ಮೇಷ್ಟ್ರು ಆ ಕೆಲಸವನ್ನು ಮದುವೆ ಮುಗಿದ ಮರುವಾರ ಮಾಡಿಸಿದರು.